ಕತ್ತರಿ ಕಂಪ್ಯೂಟರಿಗೆ ಹೋಯಿತು, ನಮ್ಮ ಹುಡುಗಿಯರು ಎಲ್ಲಿಗೆ?

ಮಿರಜದ ಲಕ್ಷ್ಮೀ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಮ್ಮಪ್ಪನ ಹೊಲಿಗೆ ಅಂಗಡಿಯಿತ್ತು. ಆರಡಿ ಅಗಲ, ಹತ್ತಡಿ ಉದ್ದ. ಎರಡು ಮಷಿನ್ನು, ಬಟ್ಟೆ ಕತ್ತರಿಸುವ ಒಂದು ಹಲಗೆ, ಗೋಡೆಗೆ ಒಂದು ಮೊಳೆ. ಆ ಮೊಳೆಗೆ ರಟ್ಟಿನ ತುಂಡುಗಳನ್ನು ದಾರದಲ್ಲಿ ಪೋಣಿಸಿ ನೇತುಹಾಕಿದ್ದ. ಅಂಗಿಯ ಬೆನ್ನು, ಎದೆ, ತೋಳು, ಕಾಲರು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಇಂಚಿನ ಲೆಕ್ಕ. ಕಾಗವಾಡ, ಶೇಡಬಾಳ, ಉಗಾರದ ಕಡೆಯಿಂದ ಪ್ಯಾಟಿಗೋ ದವಾಖಾನೆಗೋ ಬಂದವರು ಬಟ್ಟೆ ಕೊಟ್ಟು ಹೋಗಿ ಮುಂದಿನ ವಾರ ಹೊಲಿದದ್ದು ಒಯ್ಯುತ್ತಿದ್ದರು. ಕನ್ನಡದಾಗ ಮಾತಾಡಿದವರ ಮಾಪು ಕನ್ನಡದಲ್ಲಿ, ಮರಾಠಿಯವರದು ಮರಾಠಿಯಲ್ಲಿ, ಎಲ್ಲ ಒಂದೇ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ಜಗಳ ಬಂದರೆ ಅದು ತೋಳು ಬಿಗಿಯಾಯಿತೆಂದು, ಭಾಷೆಯ ಸಲುವಾಗಿ ಅಲ್ಲ.

ಹೋದ ವರ್ಷ ನನ್ನ ತಮ್ಮನ ಮಗಳು ಹನ್ನೆರಡನೆಯ ಇಯತ್ತೆ ವಿಜ್ಞಾನ ಮುಗಿಸಿದಳು. ಮುಂದೇನವ್ವಾ ಎಂದು ಕೇಳಿದರೆ, "ದೊಡ್ಡಪ್ಪ, ನಾ ಫ್ಯಾಶನ್ ಟೆಕ್ನಾಲಜಿ ಓದಾಕಿ" ಎಂದಳು. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡಿದರು. ಅವರವ್ವ ಹೇಳಿದ್ದು: "ಹೊಲಿಗಿ ಕಲಿಯಾಕ ನಾಕ ವರ್ಷ ಕಾಲೇಜ ಯಾಕ ಬೇಕ? ಮನ್ಯಾಗ ಅಜ್ಜನ ಮಷಿನ್ ಐತಲ್ಲ, ಕುಂತು ಕಲಿ." ತಮ್ಮನ ಚಿಂತೆ ಬೇರೆ. ಫ್ಯಾಶನ್ ಅಂದರೆ ಅವನ ಕಣ್ಣ ಮುಂದೆ ಬರುವುದು ಟೀವಿಯಲ್ಲಿ ಬಳುಕುತ್ತ ನಡೆಯುವ ಹುಡುಗಿಯರು. "ಅಪ್ಪ ಹೊಲಿದು ನಮ್ಮನ್ನ ಓದಿಸಿದ. ಈಗ ನನ್ನ ಮಗಳು ಓದಿ ಮತ್ತ ಹೊಲಿಗೀಗೇ ಹೋಗೂದೇನು?" ಎಂದ. ಖರೆ ಹೇಳಬೇಕೆಂದರೆ ನಾನೂ ಅವಳ ಪರವಾಗಿರಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರ ನಾನು. ಗಣಿತದಲ್ಲಿ ಅಷ್ಟು ಅಂಕ ತೆಗೆದವಳು ಸೂಜಿದಾರ ಹಿಡಿಯುತ್ತಾಳಲ್ಲ ಎಂದು ಒಳಗೇ ಬೇಜಾರಾಗಿತ್ತು.

ಆ ಬೇಜಾರು ಈಗ ಇಲ್ಲ. ಯಾಕೆ ಇಲ್ಲ ಎಂಬುದನ್ನು ಈ ಪುಟದ ಓದುಗರ ಮುಂದೆ ಇಡಬೇಕು ಅನ್ನಿಸಿತು. ಯಾಕೆಂದರೆ ಅಥಣಿಯಿಂದ ಹಿಡಿದು ಜತ್ತದವರೆಗೆ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರಬಹುದು. ತಿಳಿಯದೆ ಬೇಡ ಅನ್ನುವವರೂ ಇದ್ದಾರೆ, ತಿಳಿಯದೆ ರೊಕ್ಕ ಕಟ್ಟುವವರೂ ಇದ್ದಾರೆ. ನಾನು ಎರಡನ್ನೂ ಮಾಡಿದವನು.

ಅವಳ ಒತ್ತಾಯಕ್ಕೆ ಒಂದು ಕಾಲೇಜಿನ ಪ್ರಯೋಗಾಲಯ ನೋಡಲು ಹೋದೆ. ಮಷಿನ್ನುಗಳ ಸಾಲು ಇರುತ್ತದೆ ಅಂದುಕೊಂಡಿದ್ದೆ. ಅದೂ ಇತ್ತು. ಆದರೆ ಅದಕ್ಕೂ ಮೊದಲಿನ ಕೋಣೆಯಲ್ಲಿ ಒಂದು ದೊಡ್ಡ ಓರೆ ಹಲಗೆ. ಅದರ ಮೇಲೆ ರಟ್ಟಿನ ತುಂಡು ಅಂಟಿಸಿ, ಗುಂಡಿಗಳಿರುವ ಒಂದು ಸಾಧನ ಕೈಯಲ್ಲಿ ಹಿಡಿದು ಅಂಚಿನುದ್ದಕ್ಕೂ ಒತ್ತುತ್ತ ಹೋಗುತ್ತಾರೆ. ಮೂಲೆಗೆ ಒಂದು ಒತ್ತು, ಬಗಲಿನ ಬಾಗಿಗೆ ನಾಲ್ಕಾರು ಒತ್ತು, ಕಚ್ಚು ಹಾಕುವಲ್ಲಿ ಇನ್ನೊಂದು ನಮೂನೆಯ ಒತ್ತು. ಡಿಜಿಟೈಜರ್ ಎಂದು ಅದರ ಹೆಸರು. ಒತ್ತಿದ ಬಿಂದುಗಳೆಲ್ಲ ಗಣಕಯಂತ್ರದ ಪರದೆಯ ಮೇಲೆ ಗೆರೆಯಾಗಿ ಕೂಡಿಕೊಳ್ಳುತ್ತವೆ. ಅಪ್ಪನ ಮೊಳೆಗೆ ನೇತಾಡುತ್ತಿದ್ದ ತೋಳು ಅಲ್ಲಿ ಪರದೆಯ ಮೇಲೆ ಮಲಗಿತ್ತು.

ಮುಂದಿನದು ನನಗೆ ಹೆಚ್ಚು ಹಿಡಿಸಿತು. 38ರ ಅಳತೆಯ ಒಂದು ಅಂಗಿಯಿಂದ 40, 42, 44ರ ಅಂಗಿ ಮಾಡುವುದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸಿದರೆ ಅಂಗಿ ಕೆಟ್ಟಿತು. ಎದೆ ಹಿಗ್ಗಿದಷ್ಟು ಕೊರಳು ಹಿಗ್ಗುವುದಿಲ್ಲ, ಹೆಗಲು ಇನ್ನೂ ಕಡಿಮೆ. ಆದ್ದರಿಂದ ಒಂದೊಂದು ಬಿಂದುವೂ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಸರಿಯಬೇಕೆಂದು ನಿಯಮ ಬರೆದು ಕೊಡಬೇಕು. ಎಕ್ಸ್ ಅಕ್ಷ, ವಾಯ್ ಅಕ್ಷ ಎಂದು ನಾನು ಒಂಬತ್ತನೆಯ ಇಯತ್ತೆಗೆ ಕಲಿಸುತ್ತಿದ್ದ ನಿರ್ದೇಶಾಂಕ ಇದೇ. "ಸರ್, ಇದು ಎಲ್ಲಿ ಉಪಯೋಗಕ್ಕ ಬರ್ತೈತ್ರಿ?" ಎಂದು ಹುಡುಗರು ಪ್ರತಿ ವರ್ಷ ಕೇಳುತ್ತಿದ್ದರು. ನಾನು ವಿಮಾನ, ಉಪಗ್ರಹ ಎಂದು ಏನೇನೋ ಹೇಳಿ ಸಾಗಹಾಕುತ್ತಿದ್ದೆ. ನೀ ಹಾಕಿಕೊಂಡ ಅಂಗಿಯಲ್ಲೇ ಐತಪಾ ಎಂದು ಹೇಳಲು ನನಗೆ ಗೊತ್ತಿರಲಿಲ್ಲ. ಹೊಲಿಯುವವನ ಮಗನಿಗೇ ಗೊತ್ತಿರಲಿಲ್ಲ.

ಮೂರನೆಯದು ಮಾರ್ಕರ್. ಬಟ್ಟೆಯ ಅಗಲದೊಳಗೆ ಎಲ್ಲ ಅಳತೆಯ ಎಲ್ಲ ತುಂಡುಗಳನ್ನು ಒಂದರ ಸಂದಿಯಲ್ಲಿ ಇನ್ನೊಂದನ್ನು ಕೂಡ್ರಿಸಿ, ಚೂರು ಆದಷ್ಟು ಕಡಿಮೆ ಉಳಿಯುವಂತೆ ಜೋಡಿಸುವ ಕೆಲಸ. ಹಾಸಿನ ನೂಲಿನ ದಿಕ್ಕು ತಪ್ಪಬಾರದು, ಚೌಕಡಿ ಇದ್ದರೆ ಚೌಕಡಿ ಕೂಡಬೇಕು, ಒಂದೇ ಕಡೆ ಮುಖ ಮಾಡಿದ ಹೂವು ತಲೆಕೆಳಗಾಗಬಾರದು. ಜೋಡಿಸಿದ ನಕ್ಷೆಯನ್ನು ಪ್ಲಾಟರ್ ಎಂಬ ಯಂತ್ರ ನಿಜ ಅಳತೆಯಲ್ಲೇ ಉದ್ದನೆಯ ಕಾಗದದ ಮೇಲೆ ಗೀಚಿ ಕೊಡುತ್ತದೆ. ದೊಡ್ಡ ಕಾರಖಾನೆಗಳಲ್ಲಿ ಕಾಗದವೂ ಬೇಡ, ನಕ್ಷೆ ನೇರ ಕತ್ತರಿಸುವ ಯಂತ್ರಕ್ಕೆ ಹೋಗುತ್ತದೆ.

ಇದರಿಂದ ಏನು ಬಂತು ಎನ್ನುವವರಿಗೆ ಒಂದು ಲೆಕ್ಕ. ಇದು ಯಾವ ಕಾರಖಾನೆಯ ಅಂಕಿಯೂ ಅಲ್ಲ, ಮಾಸ್ತರನ ಹಲಗೆಯ ಲೆಕ್ಕ. ಒಂದು ಅಂಗಿಗೆ 1.6 ಮೀಟರು ಬಟ್ಟೆ, 10,000 ಅಂಗಿಯ ಆರ್ಡರು. ಅಂದರೆ 16,000 ಮೀಟರು. ಹಾಸಿದ ಬಟ್ಟೆಯಲ್ಲಿ ನೂರಕ್ಕೆ 80 ಭಾಗ ಅಂಗಿಗೆ ಹೋಗಿ 20 ಭಾಗ ಚೂರಾಗುತ್ತದೆ ಎಂದಿಟ್ಟುಕೊಳ್ಳಿ. ಜಾಣೆಯಾದ ಹುಡುಗಿ ಅದೇ ಜೋಡಣೆಯನ್ನು 84ಕ್ಕೆ ತಂದರೆ 15,238 ಮೀಟರು ಸಾಕು. ಉಳಿದದ್ದು 762 ಮೀಟರು. ಮೀಟರಿಗೆ 150 ರೂಪಾಯಿ ಹಿಡಿದರೂ 1,14,300 ರೂಪಾಯಿ, ಒಂದೇ ಆರ್ಡರಿಗೆ. ಸಿದ್ಧ ಉಡುಪಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದೇ ಆದ್ದರಿಂದ ಮಾಲೀಕ ಈ ಕುರ್ಚಿಯಲ್ಲಿ ಕೂತವರನ್ನು ಸುಮ್ಮನೆ ಕಳಕೊಳ್ಳುವುದಿಲ್ಲ. ಅಪ್ಪ ಇದಕ್ಕೆ "ಬಟ್ಟಿ ಉಳಸೂದು" ಅನ್ನುತ್ತಿದ್ದ. ಗಿರಾಕಿ ತಂದ ಬಟ್ಟೆಯಲ್ಲಿ ಅವರ ಅಂಗಿ ಆಗಿ, ಉಳಿದದ್ದರಲ್ಲಿ ಅವರ ಕೂಸಿಗೆ ಒಂದು ಕುಲಾಯಿ ಹೊಲಿದು ಕೊಡುತ್ತಿದ್ದ. ಅದಕ್ಕೆ ದುಡ್ಡು ತಗೋತಿರಲಿಲ್ಲ.

ಈ ಯಂತ್ರಗಳ ಹಿಂದೆ ಒಬ್ಬ ಮನುಷ್ಯನ ಕತೆ ಇದೆ, ನಮ್ಮ ಹುಡುಗರಿಗೆ ಹೇಳುವಂಥದ್ದು. ಜೋಸೆಫ್ ಗರ್ಬರ್ ಎಂದು. ವಿಯೆನ್ನಾದ ಯಹೂದಿ ಹುಡುಗ, ನಾಜಿಗಳ ಕಾಟದಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದ. ಇಂಜಿನಿಯರಿಂಗ್ ಓದುವಾಗ ಲೆಕ್ಕದ ಅಳತೆಪಟ್ಟಿಯೊಂದು ಬೇಕಾಗಿ ತನ್ನ ಪಾಯಜಾಮಾದ ಇಲಾಸ್ಟಿಕ್ಕನ್ನೇ ಕಿತ್ತು, ಗುರುತು ಹಾಕಿ, ಹಿಗ್ಗುವ ಅಳತೆಪಟ್ಟಿ ಮಾಡಿಕೊಂಡ. ಅದರಿಂದಲೇ ಅವನ ಉದ್ಯೋಗ ಶುರುವಾಯಿತು. 1960ರ ದಶಕದ ಕೊನೆಗೆ ಅವನ ಕಂಪನಿ ಗಣಕಯಂತ್ರದ ಆಜ್ಞೆಯಂತೆ ಬಟ್ಟೆ ಕತ್ತರಿಸುವ ಯಂತ್ರ ತಂದಿತು. 1973ರಲ್ಲಿ ಫ್ರಾನ್ಸಿನಲ್ಲಿ ಲೆಕ್ಟ್ರಾ ಎಂಬ ಕಂಪನಿ ಹುಟ್ಟಿತು. ಎರಡೂ ದಶಕಗಟ್ಟಲೆ ಪೈಪೋಟಿ ನಡೆಸಿ, 2021ರಲ್ಲಿ ಲೆಕ್ಟ್ರಾ ಗರ್ಬರನ್ನು ಕೊಂಡುಕೊಂಡಿತು. ಅಂದರೆ ಇದು ನಿನ್ನೆ ಮೊನ್ನೆ ಬಂದ ಸೋಜಿಗ ಅಲ್ಲ. ಜಗತ್ತಿನ ಅಂಗಿಗಳು ಅರ್ಧ ಶತಮಾನದಿಂದ ಈ ದಾರಿ ಹಿಡಿದಿವೆ, ಮಿರಜದ ನಮ್ಮ ಓಣಿಗೆ ಸುದ್ದಿ ತಡವಾಗಿ ಬಂತು.

ಈಗ ಇನ್ನೂ ಮುಂದೆ ಹೋಗಿದೆ. ಕೊರಿಯಾದ ಕ್ಲೋ ಎಂಬ ತಂತ್ರಾಂಶದಲ್ಲಿ ಪರದೆಯ ಮೇಲೇ ಒಂದು ದೇಹ ನಿಲ್ಲಿಸಿ, ಬಟ್ಟೆಯ ತೂಕ, ದಪ್ಪ, ಹಿಗ್ಗು, ಬಾಗು ಇಷ್ಟನ್ನೂ ಅಂಕಿಯಲ್ಲಿ ಕೊಟ್ಟು, ಹೊಲಿಗೆ ಹಾಕಿ ಉಡಿಸಿ ನೋಡಬಹುದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬಣ್ಣದಲ್ಲಿ ತೋರಿಸುತ್ತದೆ. ಮೊದಲು ಒಂದು ಮಾದರಿ ಹೊಲಿದು ಪರದೇಶಕ್ಕೆ ಕಳಿಸಿ, ಅವರು ತಿದ್ದಿ, ಮತ್ತೆ ಹೊಲಿದು ಕಳಿಸುವುದರಲ್ಲಿ ವಾರಗಳು ಹೋಗುತ್ತಿದ್ದವು.

ಇಲ್ಲಿ ನನ್ನ ಒಂದು ತಕರಾರು ಇದೆ. ತಮ್ಮನ ಮಗಳ ಜೊತೆ ಓದುವ ಕೆಲವರಿಗೆ ಪರದೆಯ ಬಟ್ಟೆ ಗೊತ್ತು, ಕೈಯ ಬಟ್ಟೆ ಗೊತ್ತಿಲ್ಲವಂತೆ. ಗುಳೇದಗುಡ್ಡದ ಖಣ ತಗೊಳ್ಳಿ. ಆ ಖಣದ ಅಂಚು ಕುಬಸದ ತೋಳಿಗೇ ಬರಬೇಕೆಂಬುದು ನಮ್ಮ ಕಡೆಯ ಯಾವ ಮುದುಕಿಗೂ ಗೊತ್ತು, ಯಾವ ತಂತ್ರಾಂಶಕ್ಕೂ ಗೊತ್ತಿಲ್ಲ. ನೀವು ಹೇಳದಿದ್ದರೆ ಅದು ಬಟ್ಟೆ ಉಳಿಸುವ ನೆವದಲ್ಲಿ ಅಂಚನ್ನು ಬಗಲಿಗೆ ತುರುಕುತ್ತದೆ. ಈಗ ಸಾಂಗ್ಲಿಯ ಪ್ಯಾಟಿಯಲ್ಲಿ ಹೊಲಿದು ಸಿದ್ಧ ಮಾಡಿದ ನೌವಾರಿ ಸೀರೆ ಮಾರುತ್ತಾರೆ, ಲಂಗದಂತೆ ಏರಿಸಿಕೊಂಡರೆ ಆಯಿತು. ಒಂಬತ್ತು ಗಜದ ಸೀರೆಯ ಕಚ್ಚೆ, ನಿರಿಗೆ, ಸೆರಗು ಎಲ್ಲವನ್ನೂ ತುಂಡಿನ ಲೆಕ್ಕಕ್ಕೆ ಇಳಿಸುವುದು ಸಣ್ಣ ಗಣಿತವಲ್ಲ. ಅದನ್ನು ಮೊದಲು ಮಾಡಿದವರು ಪದವೀಧರರಲ್ಲ, ಹೊಲಿಗೆಯ ಹೆಣ್ಣುಮಕ್ಕಳು. ಅವರ ಆ ಲೆಕ್ಕ ಯಾವ ವಿಶ್ವವಿದ್ಯಾಲಯದ ಪಠ್ಯದಲ್ಲಿ ಬರುತ್ತದೋ ನಾನು ನೋಡಬೇಕು.

ದೀಪಾವಳಿಗೆ ಬಂದಾಗ ಅವಳು ಅಜ್ಜನ ರಟ್ಟಿನ ತುಂಡುಗಳನ್ನು ಗಂಟು ಬಿಚ್ಚಿ ನೆಲಕ್ಕೆ ಹರವಿದಳು. ಒಂದರ ಮೇಲೆ "ಒಂದು ಬೆರಳು ಸಡಿಲ" ಎಂದು ಬರೆದಿತ್ತು. "ದೊಡ್ಡಪ್ಪ, ಒಂದು ಬೆರಳಂದ್ರ ಎಷ್ಟು ಮಿಲಿಮೀಟರ?" ಎಂದು ಕೇಳಿದಳು. ಪಟ್ಟಿ ಹಚ್ಚಿ ನೋಡಿದೆವು. ಅವಳ ಬೆರಳು 14, ನನ್ನದು 18. ಅಪ್ಪನದು ನನಗಿಂತ ದಪ್ಪ. ಕೊನೆಗೆ ಟ್ರಂಕಿನಲ್ಲಿದ್ದ, ಅಪ್ಪ ಹೊಲಿದ ನನ್ನ ಹಳೆಯ ಅಂಗಿ ಒಂದನ್ನು ಬಿಚ್ಚಿ, ರಟ್ಟಿನ ಪಕ್ಕ ಇಟ್ಟು ಅಳೆದು 20 ಎಂದು ಬರೆದುಕೊಂಡಳು. ಅದು ಒಂದು ಮಧ್ಯಾಹ್ನದ ಕೆಲಸ. ಇಂಥ ಮಧ್ಯಾಹ್ನ ಸಿಗದ ಹುಡುಗಿ ಬರೀ ಪರದೆ ನೋಡಿ ಕಲಿತರೆ ಏನು ಕಲಿತಾಳು?

ಆದರೆ ಈ ತಕರಾರನ್ನು ನೆವ ಮಾಡಿಕೊಂಡು ಕಾಲೇಜು ಬೇಡ ಅನ್ನುವವರಿಗೂ ಒಂದು ಮಾತು. ಕಾಲೇಜಿನ ಬದಲು ಸುಲಭದ ದಾರಿ ಹಿಡಿಯಲು ಹೋಗಿ ನಾನು ಕೈ ಸುಟ್ಟುಕೊಂಡಿದ್ದೇನೆ. ಎಂಟು ವರ್ಷದ ಹಿಂದೆ ನನ್ನ ಸ್ವಂತ ಮಗಳನ್ನೇ ಮೂರು ತಿಂಗಳ ಫ್ಯಾಶನ್ ಡಿಪ್ಲೊಮಾ ಎಂಬ ಬೋರ್ಡು ನೋಡಿ ಒಂದು ಖಾಸಗಿ ಕ್ಲಾಸಿಗೆ ಹಾಕಿದೆ. ಊರು, ಹೆಸರು ಬೇಡ. ನಾಲ್ಕು ಹುಡುಗಿಯರಿಗೆ ಒಂದು ಕಂಪ್ಯೂಟರು. ಕದ್ದು ನಕಲು ಮಾಡಿದ ತಂತ್ರಾಂಶ, ನಡುನಡುವೆ ನಿಂತುಬಿಡುವಂಥದ್ದು. ಉದ್ದ ಕಾಲಿನ ಗೊಂಬೆಗೆ ಬಣ್ಣ ತುಂಬುವುದನ್ನು ಕಲಿಸಿದರು. ಪ್ಲಾಟರ್ ಇಲ್ಲ, ಕತ್ತರಿ ಇಲ್ಲ, ಒಂದು ಗಜ ಬಟ್ಟೆ ಇಲ್ಲ. ಚಿನ್ನದ ಅಕ್ಷರದ ಸರ್ಟಿಫಿಕೇಟು ಮಾತ್ರ ಗಟ್ಟಿ ಕಾಗದದ್ದು. ಬೆಂಗಳೂರಿನಲ್ಲಿ ಒಂದು ಕಡೆ ಸಂದರ್ಶನಕ್ಕೆ ಕರೆದು, "ಒಂದು ಮಾರ್ಕರ್ ಹಾಕಿ ತೋರ್ಸಮ್ಮ" ಎಂದರಂತೆ. ಆ ಶಬ್ದವನ್ನೇ ಅವಳು ಅಲ್ಲಿ ಮೊದಲು ಕೇಳಿದ್ದು. ಈಗ ಮನೆಯಲ್ಲಿ ಸೀರೆಗೆ ಪಿಕೊ-ಫಾಲ್ ಮಾಡುತ್ತಾಳೆ. ಅದೂ ದುಡಿಮೆಯೇ, ಆದರೆ ಅವಳು ಕೇಳಿದ್ದು ಅದಲ್ಲ. ಸೇರಿಸುವ ಮೊದಲು ನಾನು ಒಳಗೆ ಹೋಗಿ ನೋಡಲಿಲ್ಲ, ಬೋರ್ಡು ನೋಡಿದೆ. ಆದ್ದರಿಂದ ಪಾಲಕರಿಗೆ ಹೇಳುತ್ತೇನೆ: ಕ್ಲಾಸಿಗೆ ಹೋದಾಗ ಮೊದಲು ಬಟ್ಟೆ ಕತ್ತರಿಸುವ ಟೇಬಲ್ ಎಲ್ಲಿದೆ ಎಂದು ಕೇಳಿ. ಆಮೇಲೆ ಕಂಪ್ಯೂಟರ್ ಕೇಳಿ. ಇನ್ನು ಕೈ ಪಳಗಿಸಿಕೊಳ್ಳಲು ವ್ಯಾಲೆಂಟಿನಾ, ಸೀಮ್ಲಿ ಎಂಬ ಪುಕ್ಕಟೆ ತಂತ್ರಾಂಶಗಳೇ ಇವೆ, ಕಳ್ಳ ನಕಲಿನ ಗರಜು ಇಲ್ಲ. ಹತ್ತನೆಯ ಇಯತ್ತೆಯ ನಂತರ ಬೇಗ ಕೆಲಸ ಬೇಕೆನ್ನುವವರಿಗೆ ಸರ್ಕಾರಿ ಐಟಿಐಗಳಲ್ಲಿ ಒಂದು ವರ್ಷದ ಹೊಲಿಗೆ ತಂತ್ರಜ್ಞಾನ, ಫ್ಯಾಶನ್ ಡಿಸೈನ್ ಟ್ರೇಡುಗಳಿವೆ. ಅದರ ಸರ್ಟಿಫಿಕೇಟಿಗೆ ಬೆಲೆಯಿದೆ.

ಪದವಿಗೆ ಹೋಗುವವರಿಗೆ ದಾರಿ ದೂರವೂ ಅಲ್ಲ. ಮಿರಜದಿಂದ ಸುಮಾರು ಮೂವತ್ತು ಕಿಲೋಮೀಟರಿನಲ್ಲಿ ಇಚಲಕರಂಜಿ. 1904ರಲ್ಲಿ ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಆಶ್ರಯದಲ್ಲಿ ವಿಠ್ಠಲರಾವ್ ದಾತಾರ ಎಂಬವರು ಮೊದಲ ವಿದ್ಯುತ್ ಮಗ್ಗ ಹಾಕಿದ ಊರು. ಅಲ್ಲಿನ ಹಳೆಯ ರಾಜವಾಡೆಯಲ್ಲೇ 1982ರಿಂದ ಡಿ.ಕೆ.ಟಿ.ಇ. ಸಂಸ್ಥೆಯ ಜವಳಿ ಮತ್ತು ಇಂಜಿನಿಯರಿಂಗ್ ಕಾಲೇಜು ನಡೆದಿದೆ, ಜವಳಿ ತಂತ್ರಜ್ಞಾನದ ಜೊತೆಗೆ ಫ್ಯಾಶನ್ ಟೆಕ್ನಾಲಜಿಯಲ್ಲೂ ಬಿ.ಟೆಕ್ ಇದೆ. ನಮ್ಮ ಕಡೆಯ ಗಂಡಸರು ಆ ಊರಿಗೆ ಹೋಗಿಲ್ಲವೆಂದಲ್ಲ. ಹೋಗಿದ್ದಾರೆ, ಮಗ್ಗದ ಮುಂದೆ ರಾತ್ರಿಪಾಳಿ ನಿಲ್ಲಲು. ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೂ ಹೋಗಿದ್ದಾರೆ, ದಿನಕ್ಕೆ ಸಾವಿರಾರು ಬಾರಿ ಒಂದೇ ತೋಳು ಅಂಟಿಸಲು. ತೋಳಿನ ಗೆರೆ ಎಳೆಯುವ ಕುರ್ಚಿಗೆ ಎಷ್ಟು ಮಂದಿ ಹೋಗಿದ್ದಾರೆ? ಕೈಬೆರಳಿನಲ್ಲಿ ಎಣಿಸಬಹುದೇನೋ.

ಬಟ್ಟೆಯ ನಂಟು ಈ ಸೀಮೆಗೆ ಹೊಸದಲ್ಲ. ಸಾಂಗ್ಲಿಯ ಪಟವರ್ಧನರ ಸಂಸ್ಥಾನದಲ್ಲಿ ಬೆಳಗಾವಿಯ ಮಗ್ಗುಲಿನ ಶಹಾಪುರ ಇತ್ತು, ತೇರದಾಳ-ರಬಕವಿ ಇತ್ತು. ಎರಡೂ ನೇಕಾರರ ಊರು. 1948ರಲ್ಲಿ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ರಾಜ್ಯಗಳ ಗೆರೆ ಬದಲಾಯಿತು. ಶಹಾಪುರ, ರಬಕವಿ ಆಚೆ ಉಳಿದವು, ಸಾಂಗ್ಲಿ ಈಚೆ. ಮಗ್ಗಗಳು ಎರಡೂ ಕಡೆ ಇವೆ, ಇತ್ತ ವಿಟಾದಲ್ಲೂ ಇವೆ. ಆದರೆ ಇಚಲಕರಂಜಿಯ ಕೋರಾ ಬಟ್ಟೆ ಬಹಳಷ್ಟು ಹೊರಗೆ ಹೋಗಿ, ಬಣ್ಣ ಬಳಿದುಕೊಂಡು, ಎಲ್ಲೋ ಅಂಗಿಯಾಗಿ, ಸಾಂಗ್ಲಿಯ ಗಾಜಿನ ಅಂಗಡಿಗೆ ಮರಳಿ ಬರುತ್ತದೆ. ಮೀಟರಿನಲ್ಲಿ ಹೋದದ್ದು ಅಂಗಿಯಾಗಿ ಬರುವಾಗ ನಡುವೆ ಏರುವ ಬೆಲೆ ಬೇರೆಯವರ ಪಾಲು. ಅದರಲ್ಲಿ ಒಂದಿಷ್ಟು ಇಲ್ಲೇ ಉಳಿಯಬೇಕಾದರೆ ಇಲ್ಲೇ ಗೆರೆ ಎಳೆಯುವವರು ಬೇಕು.

ಈಗ ಗಡಿಯ ವಿಷಯ. ಇದು ಸಿಟ್ಟು ಬರಿಸುವಂಥದ್ದು, ಆದರೂ ಶಾಂತವಾಗಿ ಹೇಳುತ್ತೇನೆ.

ಕರ್ನಾಟಕದ ಸಿಇಟಿ ಪ್ರವೇಶಕ್ಕೆ ಗಡಿನಾಡ ಕನ್ನಡಿಗರಿಗೆಂದು ಒಂದು ಕಲಮು ಇದೆ. ಮಹಾರಾಷ್ಟ್ರದಲ್ಲಿ ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು, ಕೇರಳದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಈ ತಾಲೂಕುಗಳಲ್ಲಿ ಇದ್ದು ಓದಿದ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆದವರಿಗೆ ಆ ಬಾಗಿಲು. ಒಳ್ಳೆಯದೇ. ಆದರೆ ಮಿರಜ ಆ ಪಟ್ಟಿಯಲ್ಲಿ ಇಲ್ಲ. ಸಾಂಗ್ಲಿ ಜಿಲ್ಲೆಯ ಜತ್ತದ ಹುಡುಗಿ ಗಡಿನಾಡಿನವಳು. ಅದೇ ಸಾಂಗ್ಲಿ ಜಿಲ್ಲೆಯ ಮಿರಜದ ಹುಡುಗಿ ಅಲ್ಲ. ಮಿರಜದಿಂದ ಕಾಗವಾಡ ಹದಿನೈದು ಕಿಲೋಮೀಟರು ಆಸುಪಾಸು, ಬೆಳಿಗ್ಗೆ ಸೈಕಲ್ ಏರಿದರೆ ನಾಷ್ಟಾದ ಹೊತ್ತಿಗೆ ಕರ್ನಾಟಕ. ಇವಳಿಗೆ ಉಳಿದದ್ದು ಹೊರನಾಡು ಕನ್ನಡಿಗ ಎಂಬ ಕಲಮು, ದಿಲ್ಲಿಯಲ್ಲಿ ಹುಟ್ಟಿ ಬೆಳೆದವರ ಸಾಲಿನಲ್ಲಿ ನಿಲ್ಲಬೇಕು. ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಬರೆಯಲಿ, ಅದಕ್ಕೆ ಬೇಜಾರಿಲ್ಲ. ಆದರೆ ನೀನು ಗಡಿಯವಳಲ್ಲ ಎಂದು ಗಡಿಯ ಕಲ್ಲಿನ ಪಕ್ಕ ಕೂತವಳಿಗೆ ಹೇಳುವುದು ಯಾವ ಭೂಗೋಳ?

ಆಚೆಯ ಕತೆ ಇದರ ತಿರುಗುಮುರುಗು. ಮಹಾರಾಷ್ಟ್ರದ ಪ್ರವೇಶ ನಿಯಮದಲ್ಲಿ ವಿವಾದಿತ ಗಡಿಭಾಗದ ಅಭ್ಯರ್ಥಿಗಳಿಗೆಂದು 'ಇ' ಎಂಬ ವರ್ಗ ಇದೆ. ಅದಕ್ಕೆ ಮನೆಮಾತು ಮರಾಠಿ ಇರಬೇಕು. ಕಾಗವಾಡದಲ್ಲಿ ನನ್ನ ನಾದಿನಿಯ ಮಗಳಿದ್ದಾಳೆ, ಇವಳದೇ ವಯಸ್ಸು, ಇವಳದೇ ಹುಚ್ಚು. ಇಚಲಕರಂಜಿ ಅವಳಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಮನೆಮಾತು ಕನ್ನಡ, ಆದ್ದರಿಂದ ಅಲ್ಲಿ ಅವಳು ಹೊರರಾಜ್ಯದವಳು. ಮಿರಜದವಳು ಬೆಂಗಳೂರಿಗೆ ಹೊರಗಿನವಳು, ಕಾಗವಾಡದವಳು ಇಚಲಕರಂಜಿಗೆ ಹೊರಗಿನವಳು. ಇಬ್ಬರೂ ಹಬ್ಬಕ್ಕೆ ಒಂದೇ ತಾಟಿನಲ್ಲಿ ಉಣ್ಣುವವರು. ಎನ್.ಐ.ಎಫ್.ಟಿ. ಎಂಬ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನಲ್ಲಿ 1997ರಿಂದ ಇದೆ, ಮುಂಬಯಿಯಲ್ಲೂ ಇದೆ, ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ. ಆದರೆ ಅದರ ಫೀ ಹೊಲಿಗೆಯ ಮನೆಗಳ ಕೈಗೆ ಎಟುಕುವುದಲ್ಲ.

ಮೂರು ವಿಶ್ವವಿದ್ಯಾಲಯಗಳು ಈ ಸೀಮೆಯ ಸುತ್ತಲೇ ಇವೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ 1962ರದು, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರದು, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರದು. ಇವರು ಮನಸ್ಸು ಮಾಡಿದರೆ ಒಂದು ಸತ್ರ ಆ ಕಡೆ, ಒಂದು ಸತ್ರ ಈ ಕಡೆ ಓದಿದ ಅಂಕಗಳನ್ನು ಪರಸ್ಪರ ಒಪ್ಪಿಕೊಳ್ಳುವುದು ದೊಡ್ಡ ಮಾತಲ್ಲ. ರಬಕವಿಯ ನೇಕಾರನ ಮಗ ಇಚಲಕರಂಜಿಯ ಪ್ರಯೋಗಾಲಯದಲ್ಲಿ ಒಂದು ಬೇಸಿಗೆ ಕೂಡಲಿ, ವಿಟಾದ ಹುಡುಗಿ ಗುಳೇದಗುಡ್ಡದಲ್ಲಿ ಖಣದ ಮಗ್ಗ ನೋಡಿ ಬರಲಿ. ನೀರಿನ ಸಲುವಾಗಿ ಎರಡು ಸರ್ಕಾರಗಳು ಪತ್ರ ಬರೆದುಕೊಳ್ಳುತ್ತವೆ, ಇದಕ್ಕೂ ಒಂದು ಬರೆಯಬಹುದಲ್ಲ.

ಭಾಷೆಯ ಅಂಜಿಕೆಯನ್ನೂ ಬಿಡಿಸಬೇಕು. ತಂತ್ರಾಂಶದ ತುಂಬ ಇಂಗ್ಲಿಷು. ಮರಾಠಿ ಶಾಲೆಯಲ್ಲೋ ಕನ್ನಡ ಶಾಲೆಯಲ್ಲೋ ಕಲಿತ ಹುಡುಗಿ ಮೊದಲ ವಾರವೇ ಬೆವರುತ್ತಾಳೆ. ಎಐಸಿಟಿಇ 2021ರಲ್ಲಿ ಕನ್ನಡ, ಮರಾಠಿ ಸೇರಿದಂತೆ ನಮ್ಮ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಬಾಗಿಲು ತೆರೆಯಿತು. ಪೂರ್ತಿ ಪದವಿಯೇ ಕನ್ನಡದಲ್ಲಿ ಆಗಬೇಕೆಂದು ನಾನು ಹಟ ಮಾಡುವುದಿಲ್ಲ, ನೌಕರಿಯ ಜಾಗದಲ್ಲಿ ಇಂಗ್ಲಿಷು ಬೇಕೇ ಬೇಕು. ಆದರೆ ಮೊದಲ ಆರು ತಿಂಗಳಿಗೆ ಒಂದು ಕೈಪಿಡಿ ಮಾಡಿ ಕೊಡಲು ಏನು ಅಡ್ಡಿ? ಶಬ್ದ ಹುಡುಕಿ ನಿಘಂಟು ತಿರುವಬೇಕಾಗಿಲ್ಲ. ಕಾಜಾ, ಅಸ್ತರ, ಬಗಲು, ಕಳಿ, ಮಾಪು, ಕಚ್ಚು. ಹೊಲಿಯುವವರ ಬಾಯಲ್ಲಿ ಎಲ್ಲ ಇವೆ, ಮತ್ತು ಇವುಗಳಲ್ಲಿ ಹೆಚ್ಚಿನವು ಗಡಿಯ ಎರಡೂ ಕಡೆ ಒಂದೇ. ಸಂಸ್ಕೃತದಿಂದ ಹೊಸ ಶಬ್ದ ಕಟ್ಟಿ ಹೆದರಿಸದಿದ್ದರೆ ಸಾಕು.

ಗಣಕಯಂತ್ರ ಬಂದು ಕಟಿಂಗ್ ಮಾಸ್ತರರ ಹೊಟ್ಟೆಯ ಮೇಲೆ ಹೊಡೆಯಿತಲ್ಲ, ನೀವು ಅದನ್ನೇ ಓದಿಸಿ ಅನ್ನುತ್ತೀರಲ್ಲ ಎಂದು ಹಳೆಯ ಗೆಳೆಯರೊಬ್ಬರು ಕೇಳಿದರು. ಸುಳ್ಳು ಹೇಳುವುದಿಲ್ಲ, ಹೊಡೆದಿದೆ. ಅಪ್ಪನ ಅಂಗಡಿ ಮುಚ್ಚಿದ್ದು ಸಿದ್ಧ ಉಡುಪಿನಿಂದ. ಆ ಸಿದ್ಧ ಅಂಗಿ ಅಷ್ಟು ಅಗ್ಗವಾಗಿ ಬಂದದ್ದು ಇಂಥ ಯಂತ್ರಗಳ ಪುಣ್ಯದಿಂದಲೇ. ನಾವು ಆ ಹೊತ್ತಿಗೆ ಇದನ್ನು ತಿಳಿಯಲಿಲ್ಲ, ಗಿರಾಕಿ ಯಾಕೆ ಬರುತ್ತಿಲ್ಲ ಎಂದು ಸತ್ಯನಾರಾಯಣ ಪೂಜೆ ಮಾಡಿಸಿದೆವು. ಮಿರಜದಲ್ಲೇ ಇನ್ನೊಂದು ಉದಾಹರಣೆ ಇದೆ. ಇಲ್ಲಿ ತಂಬೂರಿ ಮಾಡುವ ಮನೆತನಗಳ ಹಿರಿಯರು ಶಿಕಲಗಾರರು, ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು. ಕತ್ತಿಯ ಕಾಲ ಮುಗಿದಾಗ ಅದೇ ಕೈ ಒಣಗಿದ ಸೋರೆ ಬುರುಡೆ ಹಿಡಿಯಿತು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಿಯ ಗುರುತು ಸಿಕ್ಕಿತು. ಎಲ್ಲರಿಗೂ ಹೀಗೆ ಆಗುತ್ತದೆ ಎಂದಲ್ಲ. ಎಷ್ಟೋ ಶಿಕಲಗಾರರು ಹೊಟ್ಟೆಗಿಲ್ಲದೆ ಊರು ಬಿಟ್ಟಿರಲೂಬಹುದು, ಅವರ ಹೆಸರು ಯಾರೂ ಬರೆದಿಟ್ಟಿಲ್ಲ.

ನೌಕರಿಯ ಬಗ್ಗೆಯೂ ಸ್ಪಷ್ಟ ಹೇಳಿಬಿಡುತ್ತೇನೆ. ಈ ಓದು ಮುಗಿಸಿದವರಿಗೆ ಮಿರಜದಲ್ಲಾಗಲಿ ಸಾಂಗ್ಲಿಯಲ್ಲಾಗಲಿ ನಾಳೆಯೇ ಕುರ್ಚಿ ಕಾಯುತ್ತಿಲ್ಲ. ಬೆಂಗಳೂರು, ತಿರುಪ್ಪೂರು, ಮುಂಬಯಿ ಎಂದು ಹೋಗಬೇಕಾದೀತು. ಇಚಲಕರಂಜಿಯಲ್ಲಿ ಸಿಕ್ಕರೆ ಭಾಗ್ಯ. ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸುವುದು ಎಂದು ಕೇಳುವವರು, ಇದೇ ಹೆಣ್ಣುಮಕ್ಕಳನ್ನು ತೋಳು ಅಂಟಿಸಲು ಕಳಿಸುವಾಗ ಯಾಕೆ ಕೇಳಲಿಲ್ಲ ಎಂಬುದನ್ನೂ ಯೋಚಿಸಲಿ.

ತಮ್ಮನ ಮಗಳು ಕೊನೆಗೆ ಮಹಾರಾಷ್ಟ್ರದ ಕಡೆಯ ಕಾಲೇಜಿಗೇ ಸೇರಿದಳು. ಬೆಳಿಗ್ಗೆ ಎಸ್.ಟಿ. ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಕಾಗವಾಡದವಳು ಒಂದು ವರ್ಷ ಕಾಯುತ್ತೇನೆಂದು ಮನೆಯಲ್ಲಿ ಕೂತಿದ್ದಾಳೆ, ಅವರಪ್ಪ ಬಿ.ಎ.ಗೆ ಹಾಕುವ ವಿಚಾರದಲ್ಲಿದ್ದಾರೆ. ಮಿರಜ ತಾಲೂಕಿನ ಹೆಸರನ್ನು ಗಡಿನಾಡ ಪಟ್ಟಿಗೆ ಸೇರಿಸಬೇಕೆಂದು ಬೆಂಗಳೂರಿಗೆ ಒಂದು ಅರ್ಜಿ, ಕನ್ನಡ ಮನೆಮಾತಿನ ಗಡಿ ಮಕ್ಕಳಿಗೂ 'ಇ' ವರ್ಗದ ಬಾಗಿಲು ತೆರೆಯಬೇಕೆಂದು ಮುಂಬಯಿಗೆ ಒಂದು ಅರ್ಜಿ, ಎರಡನ್ನೂ ಬರೆದಿಟ್ಟಿದ್ದೇನೆ. ಮೊದಲನೆಯದು ಕನ್ನಡದಲ್ಲಿ, ಎರಡನೆಯದು ಮರಾಠಿಯಲ್ಲಿ. ಮೊದಲ ಸಹಿ ನನ್ನದು, ಎರಡನೆಯದು ತಮ್ಮನದು. ಮೂರನೆಯದು ಅವಳ ಅವ್ವನದು, ಅಜ್ಜನ ಮಷಿನ್ ಐತಲ್ಲ ಎಂದವಳದು. ಪ್ರವೇಶದ ಹೊಸ ನಿಯಮ ಪುಸ್ತಿಕೆ ಅಚ್ಚಾಗುವ ಮೊದಲು ಇವು ಹೋಗಿ ಮುಟ್ಟಬೇಕು. ಸಹಿ ಹಾಕುವವರು ಈ ತಿಂಗಳೊಳಗೆ ಹಾಕಿ, ಜೊತೆಗೆ ನಿಮ್ಮ ಮಗಳ ಶಾಲೆಯ ದಾಖಲೆಯಲ್ಲಿ ಮನೆಮಾತಿನ ಕಾಲಮ್ಮಿನಲ್ಲಿ ಏನು ಬರೆದಿದ್ದಾರೆ ಎಂದು ಒಮ್ಮೆ ತೆಗೆದು ನೋಡಿ.